ಇಟ್ಟಿಗೆಯ ಬಾಣಂತನ

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ನನ್ನ ಗಂಡ ಊರು, ದೇಶ, ಭೂಮಿ ಎಲ್ಲವನ್ನೂ ದಾಟಿ ಮಂಗಳ ಗ್ರಹಕ್ಕೇ ಉಪಕಾರ ಮಾಡಲು ಹೊರಟವರು. ಮನೆಗೆ ಏನಾಗಿದ್ದಾರೆ ಎಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಅವರದು ಪ್ರಯೋಗಾಲಯದ ಕೆಲಸ. ಮಂಗಳಕ್ಕೆ ಇಟ್ಟಿಗೆ ಹೊತ್ತುಕೊಂಡು ಹೋಗಲಾಗುವುದಿಲ್ಲವಂತೆ. ಅದಕ್ಕೇ ಒಂದು ಚಿಟಿಕೆ ಅಣಬೆ ಬೀಜ ಒಯ್ದು, ಅಲ್ಲಿನ ಕೆಂಪು ಮಣ್ಣಿಗೆ ಮರದ ಹೊಟ್ಟಿನ ಜೊತೆ ಬೆರೆಸಿದರೆ, ಬಿಳಿ ಎಳೆಗಳು ಮಣ್ಣನ್ನು ಹೆಣೆದುಕೊಂಡು ತಾವೇ ಗೋಡೆಯಾಗುತ್ತವಂತೆ. (ನಮ್ಮ ಬಚ್ಚಲ ಗೋಡೆಗೆ ಬೂಷ್ಟು ಬಂದಾಗ ಇದೇ ಮಹಾಶಯರು ಮೂಗು ಮುಚ್ಚಿಕೊಂಡು, "ಉಜ್ಜೋಕೇನು ರೋಗ?" ಎಂದಿದ್ದರು.)

ಇರಲಿ, ನನ್ನ ಜಗಳ ಮಂಗಳದ ಮೇಲಲ್ಲ, ನಮ್ಮ ಹಿಂದಿನ ಕೋಣೆಯ ವಿಷಯಕ್ಕೆ. ನಾನು ಬಟ್ಟೆ ಹೊಲಿಯುವವಳು. ಹನ್ನೊಂದು ವರ್ಷ ಊಟದ ಮೇಜಿನ ಮೇಲೆ ಹೊಲಿದು, ಬಟ್ಟೆಗೆ ಎಣ್ಣೆ ಕಲೆ ಮಾಡಿ ಗಿರಾಕಿಗಳಿಂದ ಬೈಸಿಕೊಂಡು, ಕೊನೆಗೂ ಆ ಕೋಣೆಯನ್ನು ನನ್ನದಾಗಿಸಿಕೊಂಡಿದ್ದೆ. ಮೆಷಿನ್ ಕಿಟಕಿಯ ಕೆಳಗೆ ಕೂತು ನಾಲ್ಕು ದಿನವೂ ಆಗಿರಲಿಲ್ಲ, ಅವರ ಪ್ರಯೋಗಾಲಯದ ಸೂರು ಸೋರಿತು. ಬೇರೆ ಗ್ರಹದಲ್ಲಿ ಮನೆ ಕಟ್ಟುವವರ ಸೂರು! ಅವರು ಒಂದು ಪೆಟ್ಟಿಗೆ ಹಿಡಿದುಕೊಂಡು ನೇರ ನನ್ನ ಕೋಣೆಗೇ ಬಂದರು.

"ಒಂದೇ ಒಂದು ಇಟ್ಟಿಗೆ ಕಣೇ. ಮಿಕ್ಕಿದ್ದೆಲ್ಲ ನೆಂದು ಕೊಳೆತುಹೋಯ್ತು."

"ನನ್ನ ಮೆಷಿನ್ನು?"

"ಅದು ನೆಲ ಅದುರಿಸುತ್ತೆ. ಇದರ ಎಳೆ ಹರಿದುಹೋಗುತ್ತೆ."

ಮೆಷಿನ್ ಮತ್ತೆ ಊಟದ ಮೇಜಿಗೆ ಬಂತು. ಅವತ್ತು ನಾನು ನಿಜವಾಗಿಯೂ ಅತ್ತೆ.

ಮರುದಿನ ಅವರು ಮೂರು ವಾರದ ತರಬೇತಿಗೆ ಹೊರಟರು. ಹೊರಡುವಾಗ ನೀರು ಚಿಮುಕಿಸುವ ಬಾಟಲಿಯನ್ನು ನನ್ನ ಕೈಗಿಟ್ಟು, "ದಿನಕ್ಕೆ ಮೂರು ಸಲ ನೀರು. ಬೆಚ್ಚಗಿರಲಿ. ಗಾಳಿ ತಾಗಬಾರದು. ಇದೂ ಹೋದ್ರೆ ಯೋಜನೆ ಮುಚ್ಚಿ ನನ್ನನ್ನ ಕಡತದ ವಿಭಾಗಕ್ಕೆ ಹಾಕ್ತಾರೆ," ಎಂದರು. ನನ್ನ ಎರಡು ಬಾಣಂತನದಲ್ಲಿ ಒಂದು ಲೋಟ ಬಿಸಿನೀರು ಕಾಯಿಸಿ ಕೊಡದ ಮನುಷ್ಯ!

ಆದರೆ ಆ ಮಾತಿನಲ್ಲೇ ನನಗೆ ಬೆಳಕು ಕಂಡಿತು. ಇಟ್ಟಿಗೆ ಸತ್ತರೆ ಯೋಜನೆ ಮುಚ್ಚುತ್ತದೆ, ಕೋಣೆ ನನಗೆ ಬರುತ್ತದೆ. ಸಂಬಳಕ್ಕಂತೂ ತೊಂದರೆಯಿಲ್ಲ. ಒಂದು ಹನಿ ನೀರು ಹಾಕಲಿಲ್ಲ. ಕಿಟಕಿ ತೆರೆದು ಚಳಿಗಾಳಿಗೆ ಬಿಟ್ಟೆ. ಬೆಳಿಗ್ಗೆ ಸಂಜೆ ತಪ್ಪದೆ ಬಾಗಿಲಲ್ಲಿ ನಿಂತು ಹಿಡಿಶಾಪ ಹಾಕಿದೆ.

ಅವರು ತರಬೇತಿ ಮುಗಿಸಿ ಬಂದ ಮೇಲೆ ಪ್ರಯೋಗಾಲಯದಲ್ಲಿ ಇಟ್ಟಿಗೆಯ ಗಟ್ಟಿತನದ ಪರೀಕ್ಷೆ; ಆ ದಿನ ನನ್ನನ್ನೂ ಕರೆದಿದ್ದರು. ಇಟ್ಟಿಗೆಯನ್ನು ಒತ್ತುವ ಯಂತ್ರಕ್ಕಿಟ್ಟರು. ಯಂತ್ರ ಮುಲುಗಿತು, ಮುಳ್ಳು ಕೊನೆ ಮುಟ್ಟಿತು, ಇಟ್ಟಿಗೆ ಮಾತ್ರ ಜಗ್ಗಲಿಲ್ಲ. ಮೇಲಧಿಕಾರಿ ಮೇಡಂ ಕನ್ನಡಕ ತೆಗೆದು, "ಹೇಗಮ್ಮಾ ನೋಡಿಕೊಂಡ್ರಿ ಇದನ್ನ?" ಎಂದರು.

ಇನ್ನೇನು ಉಳಿದಿದೆ, ನಿಜ ಹೇಳಿ ಉಗಿಸಿಕೊಂಡಾದರೂ ಈ ಪೀಡೆ ತೊಲಗಲಿ ಅನ್ನಿಸಿತು. "ನೋಡಿಕೊಳ್ಳಲೇ ಇಲ್ಲ ಮೇಡಂ. ನೀರು ಹಾಕಲಿಲ್ಲ, ಚಳಿಗೆ ಬಿಟ್ಟೆ, ಸಾಯಲಿ ಅಂತ."

ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಮಂಗಳದಲ್ಲೂ ನೀರಿಲ್ಲ, ಬರೀ ಚಳಿ! ಇಷ್ಟು ವರ್ಷ ನಾವು ಮುದ್ದು ಮಾಡಿ ಕೆಡಿಸ್ತಿದ್ವಿ. ಇನ್ನು ನಲವತ್ತು ಇಟ್ಟಿಗೆ ಇವರ ಮನೆಗೇ ಹೋಗಲಿ. ಅದೇ ಕೋಣೆ, ಅದೇ ಕೈ!"

ಬಂದವು. ಗೋಡೆಯುದ್ದಕ್ಕೂ ನಲವತ್ತು ಪೆಟ್ಟಿಗೆ ನಿಂತವು. ನಾನು ಎರಡು ದಿನ ಊಟದ ಮೇಜಿನ ಮೇಲೇ ಮೆಷಿನ್ ತುಳಿದೆ. ಮೂರನೆಯ ದಿನ ಹೊಳೆಯಿತು: ಬೈದರೆ ಗಟ್ಟಿಯಾಗುವ ಜಾತಿ, ಮುದ್ದು ಮಾಡಿದರೆ ಕೆಡಲೇಬೇಕು. ಹದಿನೆಂಟು ವರ್ಷ ಅಕ್ಕರೆಯಿಂದ ನೋಡಿಕೊಂಡು ಗಂಡನನ್ನೇ ಈ ಮಟ್ಟಿಗೆ ಕೆಡಿಸಿದವಳು ನಾನು, ಇಟ್ಟಿಗೆ ಯಾವ ಲೆಕ್ಕ? ಗಂಡ ಕೆಲಸಕ್ಕೆ ಹೋದ ಮೇಲೆ ಕದ್ದು ನೀರು ಚಿಮುಕಿಸಿದೆ, ಕಂಬಳಿ ಹೊದಿಸಿದೆ, "ಬಂಗಾರ, ಚಿನ್ನ" ಎಂದೆ. ಹದಿನೈದು ದಿನಕ್ಕೆ ನಲವತ್ತೂ ಉಬ್ಬಿ, ಪೆಟ್ಟಿಗೆ ಮೀರಿ ಒಂದಕ್ಕೊಂದು ತಾಗಿ ಹತ್ತಿಯಂತಾದವು.

ಗಂಡ ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆರಳು ಪೂರ್ತಿ ಒಳಕ್ಕೆ ಹೋಯಿತು. ಅವರ ಮುಖ ಬಿಳಿಚಿತು. ನನಗೆ ಒಂದು ಗಳಿಗೆ ಪಾಪ ಅನ್ನಿಸಿದ್ದೂ ನಿಜ. ಅವರು ಇನ್ನೊಂದನ್ನು ಒತ್ತಿದರು. ಅದರ ಮೇಲೆ ಕೂತರು. ಆಮೇಲೆ ನಿಧಾನವಾಗಿ ಒರಗಿ, ಮಲಗಿ, ಕಣ್ಣು ಮುಚ್ಚಿ, ಜೇಬಿನಿಂದ ಫೋನ್ ತೆಗೆದರು.

"ಮೇಡಂ, ಮಂಗಳಕ್ಕೆ ಹಾಸಿಗೆಯೂ ಸಿಕ್ಕಿಬಿಡ್ತು! ಎಷ್ಟು ಮೆತ್ತಗಿದೆ ಅಂತೀರಿ... ಹ್ಞಾಂ, ಇನ್ನೂರು ಬೇಕಾದ್ರೂ ಕಳಿಸಿ. ನಮ್ಮ ಮಲಗೋ ಕೋಣೆ ಇದೆಯಲ್ಲ, ನಾಳೆನೇ ಖಾಲಿ ಮಾಡಿಸ್ತೀನಿ."