ಪೂರ್ಣೇಶ ‘ನಮ್ದು’ ಅಂದ ದನ

ಒಂದು ಬಾಳೆಹಣ್ಣಿನ ವಿಷಯವನ್ನು ಕತೆ ಎಂದು ಹೇಳಲು ಹೊರಡುವುದು ಉದ್ಧಟತನವೇ ಸರಿ. ಓದುವವರಿಗೆ ನೂರು ಕೆಲಸ ಇರುತ್ತವೆ, ದಯವಿಟ್ಟು ಕ್ಷಮಿಸಬೇಕು. ಆದರೆ ಹೊಸನಗರದಲ್ಲಿ ಆ ದಿನ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿರುವುದರಿಂದ, ತಿಳಿದಷ್ಟನ್ನು ಯಾರಾದರೂ ನೆಟ್ಟಗೆ ಹೇಳಿಬಿಡುವುದು ವಾಸಿ.

ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಎಂಟನೇ ಕ್ಲಾಸಿನ ಪೂರ್ಣೇಶನಿಗೆ ಮೊಟ್ಟೆ ಎಂದರೆ ಪ್ರಾಣ. ಹತ್ತನೇ ಕ್ಲಾಸಿನ ಹರ್ಷವರ್ಧನನಿಗೂ ಮೊಟ್ಟೆ ಎಂದರೆ ಪ್ರಾಣ, ಅದರಲ್ಲೂ ಪೂರ್ಣೇಶನ ತಟ್ಟೆಯ ಮೊಟ್ಟೆ ಎಂದರೆ. ಹರ್ಷನ ಹಿಂದೆ ನಿರಂಜನ ಎಂಬವನು ಟ್ರ್ಯಾಕ್ಟರಿಗೆ ಟ್ರೈಲರ್ ಇದ್ದ ಹಾಗೆ ಸದಾ ಅಂಟಿಕೊಂಡಿರುತ್ತಿದ್ದ. ಸಾಕಾಗಿ ಪೂರ್ಣೇಶ, “ನಾನು ಮೊಟ್ಟೆ ಬಿಟ್ಟೆ ಟೀಚರ್” ಎಂದು ಹೇಳಿ ಬಾಳೆಹಣ್ಣಿನ ಸಾಲಿಗೆ ಹೋದ. ಮರುದಿನದಿಂದಲೇ ಹರ್ಷನಿಗೆ ಬಾಳೆಹಣ್ಣು ರುಚಿಸತೊಡಗಿತು. ಎದುರಿಗೇ ಸುಲಿದು ತಿಂದು, ಸಿಪ್ಪೆಯನ್ನು ಪೂರ್ಣೇಶನ ಕೈಗಿಡುತ್ತಿದ್ದ.

“ಹೊರಗೆ ಹಾಕ್ಬಾರೋ. ಶಾಲೆ ಚೊಕ್ಕ ಇಟ್ಕೋಬೇಕು.”

ಗೇಟಿನ ಹೊರಗೆ ಆ ಸಿಪ್ಪೆಗೆ ಕಾಯುತ್ತಿದ್ದದ್ದು ಒಂದು ಕಪ್ಪು ಗಿಡ್ಡ ದನ. ಕಂಡವರ ಬೇಲಿ ಹಾರಿ ಮೇಯುವ ತುಡುಗು ದನ. ಯಾರೋ ಬೇಸತ್ತು ಅದನ್ನು ಗಾಡಿಗೆ ಹತ್ತಿಸಿ, ಮೈಲುಗಟ್ಟಲೆ ದೂರದ ನಗರ ಎಂಬ ಊರಿನ ಕೋಟೆ ಹತ್ತಿರ ಬಿಟ್ಟು, ದಾರಿಯಲ್ಲಿ ಟೀ ಕುಡಿದು ಮನೆಗೆ ಬಂದರೆ, ಅದು ಅವರಿಗಿಂತ ಮೊದಲೇ ಬಂದು ತೊಂಡೆ ಚಪ್ಪರ ಎಳೆಯುತ್ತಿತ್ತಂತೆ. ಇದು ಯಾರ ದನ ಎಂದರೆ ಊರಿಗೆ ಊರೇ ಆಕಾಶ ನೋಡುತ್ತಿತ್ತು. ನಮ್ಮದು ಎಂದವನು ಅದು ಮೇಯ್ದದ್ದಕ್ಕೆಲ್ಲ ಜವಾಬು ಹೇಳಬೇಕಲ್ಲ!

ಪೂರ್ಣೇಶನಿಗೆ ಮಾತ್ರ ಅದು ಗೆಳತಿ. ಸಿಪ್ಪೆ ತಿಂದು ಅವನ ಕೈ ನೆಕ್ಕುತ್ತಿತ್ತು. “ಇವತ್ತೂ ಕಿತ್ಕೊಂಡ ಮಾರಾಯ್ತಿ” ಎಂದು ಅವನು ಹೇಳಿಕೊಂಡರೆ ಕಿವಿ ಅಲ್ಲಾಡಿಸುತ್ತಿತ್ತು. ಶಾಲೆಯ ಆಸುಪಾಸಿನಲ್ಲಿ ಅವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ ಜೀವ ಅದೊಂದೇ.

ಆ ದಿನ ಹರ್ಷನಿಗೆ ಆಟವಾಡುವ ಮನಸ್ಸಾಯಿತು. ಬಾಳೆಹಣ್ಣನ್ನು ಅರ್ಧ ಸುಲಿದು, ಪೂರ್ಣೇಶನ ಮೂಗಿನ ಮುಂದೆ ಆಡಿಸುತ್ತ, “ಬೇಕಾ? ಕೇಳು. ಅಣ್ಣಾ ಕೊಡಣ್ಣಾ ಅಂತ ಕೇಳು” ಎಂದು ಸತಾಯಿಸಿದ. ಸುತ್ತ ನಿಂತವರು ನಕ್ಕರು. ನಗದಿದ್ದರೆ ನಾಳೆ ತಮ್ಮ ಹಣ್ಣಿಗೆ ಸಂಚಕಾರ ಎಂಬುದು ಅವರಿಗೂ ಗೊತ್ತಿತ್ತು.

ಗೇಟಿನ ಹೊರಗೆ ಕಾದು ಕಾದು ದನದ ತಾಳ್ಮೆ ಮುಗಿಯಿತು. ಅದು ಕಾಂಪೌಂಡ್ ಹಾರಿ, ಮದುವೆಮನೆಯ ಮೊದಲ ಪಂಕ್ತಿಗೆ ನುಗ್ಗುವವರ ಹಾಗೆ ಯಾರ ಮುಖವನ್ನೂ ನೋಡದೆ ನೇರ ಬಾಳೆಹಣ್ಣಿನತ್ತ ಬಂತು. ನಿರಂಜನ ಅಡುಗೆಕೋಣೆ ಸೇರಿದ. ಹರ್ಷ ಧ್ವಜಕಟ್ಟೆ ಹತ್ತಿ ಕಂಬ ತಬ್ಬಿಕೊಂಡ. ಹಣ್ಣು ಇನ್ನೂ ಕೈಯಲ್ಲೇ ಇತ್ತು. ಅದನ್ನು ಬಿಸಾಡಬೇಕು ಎಂಬುದೇ ಅವನಿಗೆ ಹೊಳೆಯಲಿಲ್ಲ.

“ಓಡಿಸ್ರೋ! ಯಾರಾದ್ರೂ ಓಡಿಸ್ರೋ!”

ಯಾರೂ ಕದಲಲಿಲ್ಲ. ಪೂರ್ಣೇಶ ಮುಂದೆ ಹೋಗಿ, “ಬಾರೇ ಇಲ್ಲಿ” ಎಂದ. ದನ ತಿರುಗಿ ಬಂದು ಅವನ ಅಂಗಿ ಮೂಸುತ್ತ ನಿಂತಿತು.

“ಯಾರ್ದೋ ಇದು?” ಹರ್ಷ ಕಟ್ಟೆಯ ಮೇಲಿಂದಲೇ ಕೇಳಿದ.

ಪೂರ್ಣೇಶನ ಎದೆ ಜನ್ಮದಲ್ಲೇ ಮೊದಲ ಸಲ ಉಬ್ಬಿತು. “ನಮ್ದು” ಎಂದ. “ನಾನು ಹೇಳಿದ್ದೇ ಕೇಳೋದು. ಇನ್ನೊಂದ್ಸಲ ನನ್ನ ಹಣ್ಣು ಮುಟ್ಟು, ಆಮೇಲೆ ನೋಡು!”

ಹರ್ಷ ಕಂಬ ಬಿಡದೆಯೇ ಹಣ್ಣನ್ನು ಕೆಳಕ್ಕೆ ಚಾಚಿದ. ಪೂರ್ಣೇಶ ತನ್ನ ಬಾಳೆಹಣ್ಣನ್ನು ತಾನೇ ತಿಂದ. ಅಷ್ಟು ಸಿಹಿ ಹಣ್ಣು ಆ ತಾಲೂಕಿನಲ್ಲೇ ಬೆಳೆದಿರಲಿಕ್ಕಿಲ್ಲ.

ಕೊನೆಯ ತುತ್ತು ಗಂಟಲಲ್ಲಿರುವಾಗಲೇ ಬಿಸಿಯೂಟದ ಮೀನಾಕ್ಷಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ನಿಮ್ದನಾ? ನನ್ನ ಬಸಳೆ ಚಪ್ಪರ ಬುಡಸಮೇತ ಬೋಳಿಸಿದ್ದು ನಿಮ್ಮ ದನನಾ? ಬರ್ತೀನಿ ಇರು ಸಾಯಂಕಾಲ ನಿಮ್ಮನೆಗೆ!”

ಸಂಜೆ ಮೀನಾಕ್ಷಕ್ಕ ಒಬ್ಬರೇ ಬರಲಿಲ್ಲ. ಬಸ್‌ಸ್ಟ್ಯಾಂಡ್ ಹಿಂದಿನ ಪೂರ್ಣೇಶನ ಬಾಡಿಗೆ ಮನೆಯ ಮುಂದೆ, ದನಕ್ಕೆ ಏನನ್ನಾದರೂ ಕಳೆದುಕೊಂಡ ಊರೆಲ್ಲ ಸೇರಿತ್ತು. ದನವನ್ನೂ ಎಳೆದು ತಂದಿದ್ದರು. ಹೆಡ್‌ಮೇಷ್ಟ್ರು ಮಂಜುನಾಥಪ್ಪನವರು ತಮ್ಮ ಸೇವಂತಿಗೆ ಗಿಡಗಳನ್ನು ತೀರಿಕೊಂಡ ನೆಂಟರ ಹಾಗೆ ನೆನೆದರು. ಮಿಕ್ಸಿ ರಿಪೇರಿ ಅಂಗಡಿಯಿಂದ ಆಗಷ್ಟೇ ಬಂದಿದ್ದ ಪೂರ್ಣೇಶನ ಅಪ್ಪ ರವೀಂದ್ರ, ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದೇ ಕಂಗಾಲಾದ.

“ದನ ಇದ್ರೆ ನಾನ್ಯಾಕೆ ಸ್ವಾಮಿ ಪ್ಯಾಕೆಟ್ ಹಾಲು ತರ್ಲಿ?”

“ನಿಮ್ಮ ಮಗನೇ ಶಾಲೆ ತುಂಬ ಸಾರಿದ್ದಾನಲ್ಲ” ಎಂದರು ಮಂಜುನಾಥಪ್ಪ.

“ಹೌದು. ಅವನು ಕರೆದ್ರೆ ಕರು ಹಂಗೆ ಹಿಂದೆ ಹೋಗ್ತದೆ, ನಾನೇ ಕಂಡಿದೀನಿ” ಎಂದು ಹಿಂದಿನಿಂದ ಒಂದು ದನಿ ಸಾಕ್ಷಿ ನುಡಿಯಿತು. ಅದು ಭೂತಪ್ಪನವರದು, ಹರ್ಷನ ಅಜ್ಜ. ಅವರ ಹೆಗಲ ಮೇಲೆ ಹಗ್ಗವೂ ಸಿದ್ಧವಾಗಿತ್ತು. ಪಕ್ಕದಲ್ಲೇ ಹರ್ಷ ನಿಂತಿದ್ದ.

ರವೀಂದ್ರ ಮಗನ ಭುಜ ಹಿಡಿದ. “ನಿಜ ಹೇಳೋ. ಹೆದರ್ಬೇಡ. ಇದು ನಮ್ದಾ?”

ಇಲ್ಲ ಎಂಬ ಮಾತು ಪೂರ್ಣೇಶನ ನಾಲಿಗೆ ತುದಿಗೆ ಬಂದಿತ್ತು. ಅಂದುಬಿಟ್ಟರೆ ಅಪ್ಪ ಬಚಾವು. ಆದರೆ ಹರ್ಷ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದ. ದನ ತನ್ನದಲ್ಲ ಎಂದು ಇಲ್ಲಿ ಒಪ್ಪಿಕೊಂಡರೆ ನಾಳೆ ಶಾಲೆಯಲ್ಲಿ ತನಗೆ ಯಾರು ದಿಕ್ಕು?

“ಹೂಂ ಅಪ್ಪ” ಎಂದ. “ನಮ್ದೇ.”

ಒಳಗಿನಿಂದ ಅಮ್ಮ, “ಅಯ್ಯೋ ದೇವ್ರೇ, ಕಟ್ಟೋದೆಲ್ಲಿ? ಅಡುಗೆಮನೇಲಾ?” ಎಂದಳು.

ಭೂತಪ್ಪನವರಿಗೆ ಎಲ್ಲಿಲ್ಲದ ಉತ್ಸಾಹ ಬಂತು. ತಾವೇ ಹಗ್ಗ ಬಿಚ್ಚಿ ಮುಂದೆ ಬಂದರು. ದನ ಕೊಂಬು ಝಾಡಿಸಿತು. “ಸುಮ್ನಿರೇ ಗಂಗೆ” ಎಂದು ಅವರು ಗದರಿದ್ದೇ ತಡ, ಅದು ತಲೆ ತಗ್ಗಿಸಿ ನಿಂತಿತು. ರವೀಂದ್ರ ಅವರ ಮುಖ ನೋಡಿದ.

“ಹೆಸರು ಹೆಂಗೆ ಗೊತ್ತು ನಿಮಗೆ?”

“ಎಂತ ಹೆಸರು ಮಾರಾಯ? ನಾವು ಕಂಡ ದನಕ್ಕೆಲ್ಲ ಗಂಗೆ ಅನ್ನೋದು.”

ಊರವರು ಒಟ್ಟಾಗಿ ಆಕಾಶ ನೋಡಿದರು. ನಷ್ಟದ ಮಾತನ್ನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟರು, ಒಂದೇ ಒಂದು ಷರತ್ತಿನ ಮೇಲೆ. ಇನ್ನು ಮುಂದೆ ಈ ದನ ಹಗಲಿರುಳು ಕಟ್ಟಿದಲ್ಲೇ ಇರಬೇಕು. ಹುಲ್ಲು, ನೀರು, ಸಗಣಿ ಎಲ್ಲ ಪೂರ್ಣೇಶನ ಜವಾಬ್ದಾರಿ. ರವೀಂದ್ರ ತಲೆಯಾಡಿಸಿದ. ಭೂತಪ್ಪ ಗೇಟಿನ ಕಂಬಕ್ಕೆ ಹಗ್ಗ ಬಿಗಿದರು.

ಆಗ ಹರ್ಷ ತುಂಬ ವಿನಯದಿಂದ ಬಾಯಿ ಬಿಟ್ಟ. “ಹಂಗಾದ್ರೆ ಸರ್, ಶಾಲೆ ಹತ್ರಕ್ಕೂ ಬಿಡಂಗಿಲ್ವಾ?”

“ಬಿಡಂಗೇ ಇಲ್ಲ!” ಎಂದರು ಮಂಜುನಾಥಪ್ಪ. ಎಲ್ಲರೂ ಹೌದೌದೆಂದರು.

ಹರ್ಷ ಪೂರ್ಣೇಶನ ಹತ್ತಿರ ಬಂದು, ಅಂಗಿಗೆ ಅಂಟಿದ್ದ ಹುಲ್ಲುಕಡ್ಡಿಯನ್ನು ಪ್ರೀತಿಯಿಂದ ತೆಗೆದು, “ನಾಳೆ ಊಟದ ಬೆಲ್ ಆದ್ಮೇಲೆ ಸಿಗಾಣ ಕಣೋ” ಎಂದ.

ದನ ಈಗಲೂ ಅಲ್ಲೇ ಇದೆ. ಅದು ನಿಜಕ್ಕೂ ಭೂತಪ್ಪನವರ ದನವೋ, ಅಥವಾ ಗಂಗೆ ಎಂದರೆ ಯಾವ ದನವಾದರೂ ತಲೆ ತಗ್ಗಿಸುತ್ತದೆಯೋ, ಈವರೆಗೆ ಗೊತ್ತಾಗಿಲ್ಲ.