ಸಾವರ್ಡೆ ತಪ್ಪಿಸಿದ ನೊರೆ

ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ‘ಟಪ್’ ಎಂದು ಸಣ್ಣ ಸದ್ದಾಯಿತು. ನಿದ್ದೆ ಬಾರದೆ ಹೊರಳಾಡುತ್ತಿದ್ದ ವಸಂತ ತಲೆ ಎತ್ತಿದ. “ಹಲ್ಲಿ ಇರಬೇಕು, ಮಲ್ಕೋರಿ” ಎಂದು ಹೆಂಡತಿ ಮೃದುಲಾ ಮಗ್ಗುಲು ಬದಲಿಸಿದಳು. ಎದ್ದು ನೋಡಿದ್ದರೆ ಚೆನ್ನಾಗಿತ್ತು. ಅವನ ತಲೆಯಲ್ಲಿ ಆಗ ಸತುವಿನ ಅದಿರು ಬಿಟ್ಟರೆ ಬೇರೇನೂ ಇರಲಿಲ್ಲ.

ಫೋಂಡಾದ ಒಂದು ಖಾಸಗಿ ಅದಿರು ಪರೀಕ್ಷಾಲಯದಲ್ಲಿ ಅವನು ಕೆಮಿಸ್ಟ್. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಗಾಳಿ ಊದಿ ನೊರೆ ಎಬ್ಬಿಸಿದರೆ ಸತುವಿನ ಕಣಗಳು ನೊರೆಗೆ ಅಂಟಿಕೊಂಡು ಮೇಲೆ ಬರಬೇಕು, ಕಲ್ಲಿನ ಪುಡಿ ತಳದಲ್ಲೇ ಉಳಿಯಬೇಕು. ಅದಕ್ಕಾಗಿ ಸತುವಿಗೆ ನೀರೆಂದರೆ ಬೇಡವಾಗುವಂತೆ ಒಂದು ಲೇಪ ಹಚ್ಚುತ್ತಾರೆ. ಆ ಔಷಧಕ್ಕೆ ಕಲೆಕ್ಟರ್ ಎನ್ನುತ್ತಾರೆ. ಆದರೆ ವಸಂತ ಯಾವ ಕಲೆಕ್ಟರ್ ಹಾಕಿದರೂ ಅವನ ಸತು ಮಾತ್ರ ಕೆರೆಗಿಳಿದ ಎಮ್ಮೆಯ ಹಾಗೆ, ಏಳುವ ಮಾತೇ ಇಲ್ಲದೆ ತಳದಲ್ಲಿ ಕೂತುಬಿಡುತ್ತಿತ್ತು.

“ನಾಳೆ ಗಣಿಯವರು ನೋಡಾಕ ಬರಾಕತ್ತಾರ” ಎಂದಿದ್ದರು ಪರೀಕ್ಷಾಲಯದ ಮುಖ್ಯಸ್ಥ, ಬೆಳಗಾವಿಯ ಮಿಲಿಂದ ಸಾಹೇಬರು. “ನಾಳೆನೂ ಬರೇ ಬಿಳಿ ನೊರಿ ಬಂತಂದ್ರ, ನೀವು ಸಾವರ್ಡೆಗೆ ಹೋಗಿ ಲಾರಿ ಎಣಸ್ರಿ.”

ಸಾವರ್ಡೆಯ ಅದಿರು ಯಾರ್ಡ್ ಎಂದರೆ ಒಂದು ತಗಡಿನ ಶೆಡ್ಡು, ಸುತ್ತ ಕೆಂಪು ಧೂಳು. ಹೋದವನು ಅಲ್ಲೇ ಮಲಗಬೇಕು, ಏಕೆಂದರೆ ಲಾರಿಗಳಿಗೆ ಹಗಲು ರಾತ್ರಿ ಇಲ್ಲ. ಮೃದುಲಾಗೆ ಈಗಷ್ಟೇ ಫೋಂಡಾದ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಮದುವೆಯಾಗಿ ವರ್ಷ ತುಂಬುವ ಮೊದಲೇ ಎರಡು ಕಡೆ ಸಂಸಾರ.

ಮಳೆಗಾಲದ ತೇವಕ್ಕೆ ಅದಿರು ಕೆಡಬಾರದೆಂದು, ಉಳಿದಿದ್ದ ಒಂದೇ ಕಾಗದದ ಪೊಟ್ಟಣವನ್ನು ಅವನು ಮನೆಗೆ ತಂದು ಒಲೆಯ ಪಕ್ಕದ ಬೆಚ್ಚಗಿನ ಗೂಡಿನಲ್ಲಿ ಇಟ್ಟಿದ್ದ. ಮೇಲಿನ ಹಲಗೆಯಲ್ಲಿ ಧಾರವಾಡದಿಂದ ಅತ್ತೆ ಕಳಿಸಿದ ರಂಜಕದ ಭರಣಿಯಿತ್ತು. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು, ಮೇಲೆ ಕೈಬಿಚ್ಚಿ ಶೇಂಗಾ ಎಣ್ಣೆ ಸುರಿದದ್ದು.

ಬೆಳಿಗ್ಗೆ ನೋಡಿದರೆ ರಂಜಕ ಹುಳಿಬಂದು ಉಕ್ಕಿ, ಮುಚ್ಚಳ ಹಾರಿ, ಎಣ್ಣೆಯೆಲ್ಲ ಪೊಟ್ಟಣದೊಳಗೆ ಇಳಿದಿತ್ತು. ಮೃದುಲಾ ತವರಿನ ರಂಜಕಕ್ಕಾಗಿ ‘ಅಯ್ಯೋ’ ಎಂದು ಕೂಗಿ ಅಳುಮೋರೆ ಮಾಡಿದಳು. ಸದ್ದು ಕೇಳಿ ಮೇಲಿನ ಮನೆಯ ಪರಮೇಶ್ವರಿಬಾಯಿ ಇಳಿದು ಬಂದರು. “ಎಣ್ಣಿ ಹೀರಾಕ ಕಡ್ಲಿಹಿಟ್ಟಿನಂಥಾದ್ದು ಇನ್ನೊಂದಿಲ್ಲ” ಎಂದು, ಅವನು ಬೇಡವೆನ್ನುವುದರೊಳಗೆ ಒಂದು ಹಿಡಿ ಉದುರಿಸಿಯೂ ಬಿಟ್ಟರು. ಈಗ ಅದು ಅದಿರೋ ಮಿರ್ಚಿ ಬಜಿಯ ಹಿಟ್ಟೋ ಹೇಳುವಂತಿರಲಿಲ್ಲ. ಬೇರೆ ಪೊಟ್ಟಣವಂತೂ ಇಲ್ಲ. ವಸಂತ ಅದನ್ನೇ ಜರಡಿ ಹಿಡಿದು, ದೇವರಿಗೆ ಕೈ ಮುಗಿದು ಹೊರಟ.

ಪರೀಕ್ಷಾಲಯದಲ್ಲಿ ಗಣಿಯ ಇಬ್ಬರು ಅಧಿಕಾರಿಗಳು ಮಿರುಗುವ ಬೂಟು ಹಾಕಿಕೊಂಡು ಕೂತಿದ್ದರು. ಪಕ್ಕದ ಮೇಜಿನ ಪದ್ಮಶ್ರೀಯ ಮೂಗು ಮೊದಲು ಚುರುಕಾಯಿತು.

“ವಸಂತ, ಬೆಳ್ಳುಳ್ಳಿ ವಾಸನಿ ಬರಾಕತ್ತೈತಲ್ಲೋ?”

“ಹೊಸಾ ಕಲೆಕ್ಟರ್” ಎಂದ, ಬಾಯಿಗೆ ಬಂದದ್ದನ್ನು.

ಅವಳ ಕಿವಿಗೆ ಬಿದ್ದ ಮಾತು ಊರಿಗೇ ಬಿದ್ದ ಹಾಗೆ. ಯಂತ್ರ ಶುರುವಾಗುವುದರೊಳಗೆ ‘ಹೊಸ ಕಲೆಕ್ಟರ್’ ಅಧಿಕಾರಿಗಳವರೆಗೂ ಮುಟ್ಟಿತ್ತು.

ನೊರೆ ಎದ್ದಿತು. ಬಿಳಿಯದಲ್ಲ, ಎಮ್ಮೆಯ ಚರ್ಮದಂಥ ದಪ್ಪ, ಕರಿ ನೊರೆ. ಅದು ತಟ್ಟೆ ತುಂಬಿ, ಮೇಜು ತುಂಬಿ, ಹಾಲುಕ್ಕಿದ ಹಾಗೆ ಉಕ್ಕಿ ಅಧಿಕಾರಿಗಳ ಬೂಟಿನ ಮೇಲೆ ಇಳಿಯಿತು. ಅವರು ಕಾಲನ್ನೂ ಹಿಂದೆಗೆಯದೆ ಚಪ್ಪಾಳೆ ತಟ್ಟಿದರು. ಪಾತ್ರೆಯ ತಳದಲ್ಲಿ ಬರೀ ನೀರು.

ತಳದಲ್ಲಿ ಏನೂ ಉಳಿಯದ್ದನ್ನು ನೋಡಿ ವಸಂತನೊಬ್ಬನಿಗೆ ನಿಜ ಹೊಳೆಯಿತು. ಎಣ್ಣೆ ಸತುವಿಗೂ ಮೆತ್ತಿತ್ತು, ಕಲ್ಲಿಗೂ ಮೆತ್ತಿತ್ತು. ಎರಡೂ ಕೈ ಕೈ ಹಿಡಿದು ಮೇಲೆ ಬಂದಿದ್ದವು. ಯಾವುದೂ ಬೇರೆಯಾಗಿರಲಿಲ್ಲ; ಒಳಗೆ ಹಾಕಿದ್ದೇ ಒದ್ದೆಯಾಗಿ ಹೊರಗೆ ಬಂದಿತ್ತು.

“ಸರ್, ಕಲ್ಲೂ ತೇಲ್ಯಾವ್ರಿ” ಎಂದು ಸಾಹೇಬರ ಕಿವಿಯಲ್ಲಿ ಉಸುರಿದ.

ಮಿಲಿಂದರು ಅತಿಥಿಗಳ ಕಡೆ ತಿರುಗಿ, ನಮ್ಮ ವಸಂತ ಮನಸ್ಸು ಮಾಡಿದರೆ ಕಲ್ಲನ್ನೂ ತೇಲಿಸುತ್ತಾನಂತೆ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಅತಿಥಿಗಳೂ ನಕ್ಕು, ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡೋಣ ಎಂದು ಕೈ ಕುಲುಕಿ ಹೊರಟರು.

ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿದರು. “ದೊಡ್ಡ ಮಶೀನ ಕೂಡ್ಸಾಕ ಜಾಗಾ ಇರೂದು ನಮಗ ಒಂದ ಕಡೆ, ಸಾವರ್ಡೆ ಶೆಡ್ಡಿನಾಗ. ನಿಮ್ಮ ಕೈಗುಣ ಬ್ಯಾರೇದವರಿಗೆ ಎಲ್ಲಿ ಬರಬೇಕ್ರಿ? ನಾಳೆನ ಹೊಂಡ್ರಿ. ಮಶೀನ ಬರೂತನಾ ಹಂಗ ಲಾರಿ ಎಣಸ್ಕೋತ ಇರ್ರಿ.”

ಸಂಜೆ ಮನೆಯಲ್ಲಿ ಪರಮೇಶ್ವರಿಬಾಯಿ ಮೊದಲೇ ಬಂದು ಕೂತಿದ್ದರು, ತಮ್ಮ ಕಡಲೆಹಿಟ್ಟಿನ ಸುದ್ದಿ ಕೇಳಲು. ನೊರೆ ಚೆನ್ನಾಗಿ ಬಂತು, ಬಡ್ತಿಯ ಮೇಲೆ ಸಾವರ್ಡೆಗೆ ಕಳಿಸುತ್ತಿದ್ದಾರೆ ಎಂದಷ್ಟೇ ವಸಂತ ಹೇಳಿದ. ಮೃದುಲಾ ಎದ್ದು ಹೋಗಿ, ತಳದಲ್ಲಿ ಒಂದಿಷ್ಟು ರಂಜಕ ಉಳಿದಿದ್ದ ಭರಣಿಗೆ ಬಟ್ಟೆ ಕಟ್ಟಿ ತಂದು ಅವನ ಕೈಗೆ ಕೊಟ್ಟಳು.

“ಅಲ್ಲಿ ಊಟ ಚಲೋ ಇರೂದಿಲ್ಲ. ಇದನ್ನ ಹಚ್ಕೊಂಡು ಉಣ್ರಿ.”

ವಸಂತ ಭರಣಿಯನ್ನು ಎದೆಗೆ ಅವಚಿಕೊಂಡ. ದೊಡ್ಡ ಮಶೀನು ಬಂದ ದಿನ ಅದೇ ಕರಿ ನೊರೆ ಎಬ್ಬಿಸಲು ಅವನಿಗಿದ್ದ ‘ಹೊಸ ಕಲೆಕ್ಟರ್’ ಇದೊಂದೇ; ಉಪವಾಸ ಬಿದ್ದರೂ ಇದರಲ್ಲಿ ಒಂದು ತೊಟ್ಟನ್ನೂ ಊಟಕ್ಕೆ ಮುಟ್ಟಬಾರದು. ಯಾಕೆಂದು ಯಾರಿಗೂ, ಮೃದುಲಾಗೂ, ಹೇಳಬಾರದು ಎಂದು ಅಲ್ಲೇ ತೀರ್ಮಾನಿಸಿದ.