ದರ್ಜಿಯ ಸೊಂಟ, ಭಾವನ ಬೀರು

ಬೇಸಿಗೆ ಮುಗಿದು ಮಳೆ ಇನ್ನೇನು ಬೀಳಬೇಕು ಎನ್ನುವ ದಿನಗಳು. ಶಾಲೆಗಳು ತೆರೆಯುವ ಹೊತ್ತಾದ್ದರಿಂದ ದರ್ಜಿಯ ಮುಂದಿನ ಕೋಣೆ ತುಂಬ ನೀಲಿ ಚಡ್ಡಿಗಳ ರಾಶಿ. ಹೊಲಿಗೆ ಮಿಷನ್ ತುಳಿಯುತ್ತಿದ್ದ ದರ್ಜಿಗೆ ಅವುಗಳ ಚಿಂತೆಯಿರಲಿಲ್ಲ. ಇದ್ದದ್ದು ಹೆಂಡತಿಯ ಅಣ್ಣನ ಕಬ್ಬಿಣದ ಬೀರುವಿನ ಚಿಂತೆ. ಭಾವ ಅಂದು ಮನೆ ಬದಲಿಸುವವನಿದ್ದ. ಹೊಸ ಮನೆ ಮಹಡಿಯ ಮೇಲೆ. ಬೀರುವೋ, ಆನೆಯನ್ನು ನಿಲ್ಲಿಸಿ ಬಾಗಿಲಿಟ್ಟ ಹಾಗೆ. ‘ನಮ್ಮೋರು ಬಂದು ಕೈ ಕೊಡ್ತಾರೆ’ ಎಂದು ಹೆಂಡತಿ ಆಗಲೇ ಮಾತು ಕೊಟ್ಟಿದ್ದಳು. ನಮ್ಮೋರ ಮೈಮೇಲೆ ಮಾಂಸಕ್ಕಿಂತ ಕೊರಳಿನ ಟೇಪೇ ಹೆಚ್ಚು ತೂಗುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಉರುಳಿಬಿದ್ದ ನೂಲಿನುಂಡೆ ಎತ್ತಲು ಬಗ್ಗಿದಾಗ ಸೊಂಟ ಚುಳುಕ್ಕೆಂದಿತು. ಬೇಡದೆಯೇ ಬಂದ ವರ. ದರ್ಜಿ ಅಲ್ಲೇ ನೆಲಕ್ಕೊರಗಿ ನರಳತೊಡಗಿದ.

ಬೆನ್ನುಮೂಳೆ ಇದ್ದ ನೆರೆಹೊರೆಯವರೆಲ್ಲ ಬೆನ್ನಿನ ವೈದ್ಯರಾಗಿಯೇ ಬಂದರು. ಬಿಸಿ ಮರಳಿನ ಶಾಖ ಕೊಡಿ ಎಂದರು, ತಲೆಕೆಳಗೆ ತೂಗುಹಾಕಿ ಎಂದರು. ಕ್ಷೌರಿಕನಂತೂ ತುಳಿದು ಸರಿಮಾಡುತ್ತೇನೆಂದು ಪ್ಯಾಂಟು ಮೇಲಕ್ಕೆ ಮಡಚಿ ನಿಂತ. ಅಷ್ಟರಲ್ಲಿ ಕೈಗಾಡಿ ತಳ್ಳಿಕೊಂಡು ಬಂದ ಭಾವ ಎಲ್ಲರನ್ನೂ ಸರಿಸಿ ನೋಡಿದ.

“ನೂಲೆತ್ತಿ ಸೊಂಟ ಮುರ್ಕೊಂಡೋನನ್ನ ಇವತ್ತೇ ಕಂಡೆ. ಏಳಯ್ಯ, ಬೀರು ಎತ್ತಿದ್ರೆ ತಾನಾಗೇ ಸರಿಹೋಗುತ್ತೆ.”

ನಗೆ ಎದ್ದಿತು. ಆಗ ಜನರ ನಡುವೆ ದಾರಿ ಮಾಡಿಕೊಂಡು ಮುದಿ ಕಂಪೌಂಡರು ಬಂದರು. ಆಸ್ಪತ್ರೆಯ ಕೆಲಸದಿಂದ ಅವರು ನಿವೃತ್ತರಾಗಿದ್ದರೂ ಅವರ ಪ್ರಶ್ನೆಗಳು ನಿವೃತ್ತವಾಗಿರಲಿಲ್ಲ.

“ಕಾಲು ಜೋಮು ಹಿಡಿದಿದೆಯಾ?”

ದರ್ಜಿ ಭಾವನ ಮುಖ ನೋಡಿದ. “ಹೂಂ, ಎರಡೂ.”

“ಕೂರೋ ಜಾಗ ಮುಟ್ಟಿದ್ರೆ ಗೊತ್ತಾಗುತ್ತಾ?”

“ಇಲ್ಲ.”

“ಮೂತ್ರ?”

“ಬರ್ತಾನೇ ಇಲ್ಲ.”

ಜನ್ಮದಲ್ಲಿ ಯಾವ ಪರೀಕ್ಷೆಯಲ್ಲೂ ಅವನು ಇಷ್ಟು ಸಲೀಸಾಗಿ ಉತ್ತರಿಸಿರಲಿಲ್ಲ. ಕಂಪೌಂಡರ ಮುಖ ಬಿಳಿಚಿಕೊಂಡಿತು.

“ಇದು ಎಣ್ಣೆ ತಿಕ್ಕೋ ನೋವಲ್ಲ. ಬೆನ್ನೊಳಗೆ ನರಗಳು ಒತ್ತಿಕೊಂಡಿವೆ. ಈಗಿಂದೀಗ ದೊಡ್ಡಾಸ್ಪತ್ರೆಗೆ ಹೊರಡಿ. ನಾಳೆ ಅಂದ್ರೆ ಕಾಲಿನಾಸೆ ಬಿಡಬೇಕು.”

ಹೆಂಡತಿ ಅಳತೊಡಗಿದಳು. ನಕ್ಕವರು ತಾವು ನಕ್ಕೇ ಇಲ್ಲವೆಂಬಂತೆ ನಿಂತರು. ಬೀರುವಿಗೆಂದು ಬಂದ ಗಾಡಿಯ ಮೇಲೆ ದರ್ಜಿ ಮಲಗಿದ, ತಳ್ಳುವವನು ಭಾವ. ಆಸ್ಪತ್ರೆಯ ಮೆಟ್ಟಿಲ ಬುಡದಲ್ಲಿ ಗಾಡಿ ನಿಂತಾಗ ಭಾವ ಯಾರಿಗೂ ಕಾಯಲಿಲ್ಲ. ತನ್ನ ಸೊಂಟ ತಿರುಚಿ, ತಂಗಿಯ ಗಂಡನನ್ನು ಹಿಟ್ಟಿನ ಮೂಟೆಯಂತೆ ಒಮ್ಮೆಲೇ ಹೆಗಲಿಗೇರಿಸಿ ಮೆಟ್ಟಿಲು ಹತ್ತಿಬಿಟ್ಟ.

ಒಳಗೆ ಡಾಕ್ಟರಮ್ಮ ಸ್ಪರ್ಶವಿಲ್ಲದ ಜಾಗಕ್ಕೆ ಸೂಜಿ ತಾಗಿಸಿದಳು. ಸ್ಪರ್ಶವಿಲ್ಲದ ಜಾಗದಿಂದ ಹೊರಟ ಕೂಗು ಓಣಿಯ ತುದಿಯವರೆಗೆ ಕೇಳಿಸಿತು. ಮೂತ್ರಕ್ಕೆ ನಳಿಗೆ ಹಾಕಲು ನರ್ಸಮ್ಮ ಬಂದದ್ದೇ ತಡ, ಜೋಮು ಹಿಡಿದ ಕಾಲುಗಳೆರಡೂ ಶೌಚಾಲಯಕ್ಕೆ ಓಡಿದವು.

“ಸ್ನಾಯು ಹಿಡಿದಿದೆ ಅಷ್ಟೇ,” ಎಂದಳು ಡಾಕ್ಟರಮ್ಮ. “ಹಾಸಿಗೆ ಹಿಡೀಬೇಡಿ, ಮೆಲ್ಲಗೆ ಓಡಾಡಿ. ಗುಣ ಆಗೋವರೆಗೂ ಭಾರ ಎತ್ತಬೇಡಿ.”

ಕೊನೆಯ ಮಾತಷ್ಟೇ ದರ್ಜಿಯ ಕಿವಿಗೆ ಬಿದ್ದದ್ದು. ಅದನ್ನೇ ಬಾಯಿಪಾಠ ಮಾಡುತ್ತ ಹೊರಗೆ ಬಂದರೆ, ಭಾವ ಗೋಡೆ ಹಿಡಿದು ನಿಂತಿದ್ದ. ಬೈಗುಳ ಬರಲಿಲ್ಲ.

“ಕಂಪೌಂಡರು ನಿನ್ನ ಕೇಳಿದ್ರಲ್ಲ, ಕೂರೋ ಜಾಗ ಅಂತ,” ಭಾವ ಪಿಸುಗುಟ್ಟಿದ. “ಬೆಂಚಿನ ಮೇಲೆ ಕೂತದ್ದೇ ನಂಗೆ ಗೊತ್ತಾಗ್ತಿಲ್ಲ. ಒಂದಕ್ಕೆ ಹೋದ್ರೆ ಬರ್ತಿಲ್ಲ. ನಿನ್ನ ಹಾಗೆ ಸುಳ್ಳಲ್ಲ ಕಣೋ.”

ದರ್ಜಿ ಸೊಂಟ ಮರೆತು ಡಾಕ್ಟರಮ್ಮನನ್ನು ಕರೆತರಲು ಓಡಿದ.

ಸಂಜೆಯೊಳಗೆ ಭಾವನಿಗೆ ಶಸ್ತ್ರಚಿಕಿತ್ಸೆ ಮುಗಿದಿತ್ತು. ನಾಲ್ಕು ದಿನ ಎಣ್ಣೆ ತಿಕ್ಕಿಸಿಕೊಂಡು ಮಲಗಿದ್ದರೆ ಕಾಲು ಹೋಗುತ್ತಿತ್ತು, ಕೂಡಲೇ ಹೇಳಿದ್ದರಿಂದ ಉಳಿಯಿತು ಎಂದಳು ಡಾಕ್ಟರಮ್ಮ. ಅಣ್ಣನ ಕಾಲು ಉಳಿಸಿದ್ದು ತನ್ನ ಗಂಡನೇ ಎಂದು ಹೆಂಡತಿ ವಾರ್ಡಿನವರಿಗೆಲ್ಲ ಸಾರಿದಳು. ಗಂಡನೂ ಅಲ್ಲವೆನ್ನಲಿಲ್ಲ.

ಎಚ್ಚರಗೊಂಡ ಭಾವ ಅವನ ಕೈ ಹಿಡಿದುಕೊಂಡ. ಕಣ್ಣು ಒದ್ದೆಯಾಗಿತ್ತು.

“ನಿನ್ನ ಸುಳ್ಳಿನಿಂದ ನನ್ನ ಕಾಲುಳೀತು. ಈ ಋಣ ಇಟ್ಕೊಳ್ಳೋನಲ್ಲ ನಾನು. ಆ ಬೀರು ಇನ್ಮೇಲೆ ನಿಂದು.”

ಹೆಂಡತಿಯ ಮುಖ ಅರಳಿತು. ದರ್ಜಿಯ ಇನ್ನೊಂದು ಕೈ ಸೊಂಟಕ್ಕೆ ಹೋಯಿತು.

“ಸೊಂಟ ಸರಿಹೋದ್ಮೇಲೆ ಬಂದು ತಗೊಂಡು ಹೋಗು,” ಎಂದ ಭಾವ ಅಕ್ಕರೆಯಿಂದ. “ನಾನಂತೂ ಇನ್ನು ಕೈ ಹಚ್ಚೋ ಹಾಗಿಲ್ಲ. ನೀನೊಬ್ಬನೇ ಹುಷಾರಾಗಿ ಎತ್ತಪ್ಪ.”